650 ಎಎಂ: ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ

ಅಮೆರಿಕದ ನ್ಯಾಶ್‌ವಿಲ್‌ಗೆ ಬಂದ ಮೇಲೆ ನನ್ನ ಕಾರಿನ ರೇಡಿಯೊ 650 ಬಿಟ್ಟು ಕದಲಿಲ್ಲ. ಅಲ್ಲಿ ಬರುವುದು ಡಬ್ಲ್ಯೂಎಸ್‌ಎಂ ಎಂಬ ರೇಡಿಯೊ ಕೇಂದ್ರ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಇಷ್ಟ ಇದ್ದವರು ಇದನ್ನು ಕೇಳಲೇಬೇಕು.

ಇದನ್ನು 1925ರ ಅಕ್ಟೋಬರ್ 5ರಂದು ಶುರು ಮಾಡಿದ್ದು ಒಂದು ವಿಮಾ ಕಂಪನಿ! ಹೆಸರು ಕೂಡ ಅವರ ಘೋಷಣೆಯದ್ದೇ: ‘ವಿ ಶೀಲ್ಡ್ ಮಿಲಿಯನ್ಸ್’. ಅದೇ ನವೆಂಬರ್ 28ರ ಶನಿವಾರ ರಾತ್ರಿ ಅಂಕಲ್ ಜಿಮ್ಮಿ ಥಾಂಪ್ಸನ್ ಎಂಬ ಅಜ್ಜ ಮೈಕಿನ ಮುಂದೆ ಕೂತು ಪಿಟೀಲು ನುಡಿಸಿದರು. ಆ ಕಾರ್ಯಕ್ರಮವೇ ಮುಂದೆ ‘ಗ್ರ್ಯಾಂಡ್ ಓಲ್ ಆಪ್ರಿ’ ಆಯಿತು. ಇವತ್ತಿಗೂ ನಡೆಯುತ್ತಿದೆ.

ನನಗೆ ಜಾಸ್ತಿ ಇಷ್ಟ ಪಕ್ಕದ ಬ್ರೆಂಟ್‌ವುಡ್ ಊರಲ್ಲಿರುವ ಇದರ ಪ್ರಸಾರ ಟವರ್. 1932ರದ್ದು, 800 ಅಡಿಗೂ ಎತ್ತರ. ನೂಲು ಸುತ್ತಿದ ಕದಿರಿನ ಹಾಗೆ ನಡು ದಪ್ಪ, ಎರಡೂ ತುದಿ ಸಪೂರ. ಅಷ್ಟು ಭಾರವೂ ಬುಡದಲ್ಲಿರುವ, ವಿದ್ಯುತ್ ನೆಲಕ್ಕೆ ಹರಿಯದಂತೆ ತಡೆಯುವ ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತಿದೆ. ಹೆದ್ದಾರಿಯಲ್ಲಿ ಅದು ಕಂಡಾಗಲೆಲ್ಲ ಮಗಳು ‘ಅಮ್ಮಾ, ನಿನ್ನ ರೇಡಿಯೊ’ ಅಂತ ಕೈ ತೋರಿಸುತ್ತಾಳೆ.

50,000 ವ್ಯಾಟ್ ಶಕ್ತಿ. ರಾತ್ರಿ ಎಎಂ (ಮೀಡಿಯಂ ವೇವ್) ಅಲೆಗಳು ಮೇಲಿನ ವಾತಾವರಣಕ್ಕೆ ತಾಗಿ ವಾಪಸ್ ಬರುತ್ತವಲ್ವಾ, ಹಾಗಾಗಿ ಬಹಳ ದೂರ ಕೇಳುತ್ತದೆ. ಒಮ್ಮೆ ಶಿಕಾಗೊ ಹತ್ತಿರ ಪೆಟ್ರೋಲ್ ಬಂಕ್‌ನಲ್ಲಿ ನಿಂತು ಸುಮ್ನೆ ರೇಡಿಯೊ 650ಕ್ಕೆ ತಿರುಗಿಸಿದೆ. ಕರಕರ ಸದ್ದಿನ ನಡುವೆ ಬ್ಯಾಂಜೊ ಕೇಳಿಸಿತು. ಕಣ್ಣು ತುಂಬಿ ಬಂತು.

ವಿದ್ಯುತ್ ತಂತಿಗಳ ಕೆಳಗೆ ಎಎಂ ಕರಕರ ಅನ್ನುವುದು ಇದ್ದದ್ದೇ. ಇಂಟರ್‌ನೆಟ್‌ನಲ್ಲಿ ಸ್ವಚ್ಛವಾಗಿ ಬರುತ್ತದೆ, ಬೆಂಗಳೂರಲ್ಲೂ ಕೇಳಬಹುದು. ಮೊದಲ ಸಲ ಕೇಳುವವರು ಇಲ್ಲಿನ ಶನಿವಾರ ರಾತ್ರಿಯ ಆಪ್ರಿಯಿಂದ ಶುರು ಮಾಡಿ.