ವಿಮಾನದ ವೈರಿಂಗ್ ಪರೀಕ್ಷೆ: ಬಜರ್, ಬಲ್ಬ್, ಮೆಗ್ಗರ್

ಎರಡು ಆಸನಗಳ ಸಣ್ಣ ವಿಮಾನವೊಂದರ ಹಳೆಯ ಪ್ಯಾನೆಲ್ ಕಳಚಿ ಹೊಸ ರೇಡಿಯೋ, ಟ್ರಾನ್ಸ್‌ಪಾಂಡರ್ (ರೇಡಾರಿಗೆ ವಿಮಾನದ ಗುರುತು ಕಳಿಸುವ ಉಪಕರಣ) ಹಾಗೂ ಡಿಸ್‌ಪ್ಲೇ ಅಳವಡಿಸುವಾಗ ಒಂದೇ ವೈರಿಂಗನ್ನು ಮೂರು ಬಗೆಯಲ್ಲಿ ಪರೀಕ್ಷಿಸಿ ನೋಡಿದೆ. ತಂತಿ ಎಲ್ಲೂ ತುಂಡಾಗದೆ ಕೂಡಿಕೊಂಡಿದ್ದರೆ ಕೂಗುವ ಮಲ್ಟಿಮೀಟರಿನ ಬಜರ್ ಒಂದೇ ಸಾಕೆಂದು ನಮ್ಮ ಕೆಲಸದವರಲ್ಲಿ ಹಲವರು ನಂಬುತ್ತಾರೆ. ನಾನೂ ನಂಬಿದ್ದೆ, ಈಗ ನಂಬುವುದಿಲ್ಲ.

ಬಜರ್ ಬೇಡವೆಂದಲ್ಲ. ತಂತಿ ಸರಿಯಾದ ಪಿನ್ನಿಗೆ ತಲುಪಿದೆಯೇ, ಪಕ್ಕದ ಪಿನ್ನಿಗೋ ಬಾಡಿಗೋ ತಾಗಿದೆಯೇ ಎಂಬುದನ್ನು ಅದು ಬೇಗ ಹೇಳುತ್ತದೆ. 37 ಪಿನ್ನಿನ ಕನೆಕ್ಟರಿನಲ್ಲಿ ಅದಲುಬದಲಾಗಿದ್ದ ಎರಡು ತಂತಿಗಳು ಸಿಕ್ಕಿದ್ದು ಅದರಿಂದಲೇ. ಆದರೆ ಹಲವು ಮೀಟರುಗಳಲ್ಲಿ ಇಪ್ಪತ್ತು ಓಮ್ ರೋಧವಿದ್ದರೂ ಬಜರ್ ಕೂಗುತ್ತದೆ, ಹಾಗಾಗಿ ಕೆಟ್ಟ ಜೋಡಣೆಯೂ ಪಾಸಾಗಿಬಿಡುತ್ತದೆ.

ಎರಡನೆಯದು ಲೋಡ್ ಪರೀಕ್ಷೆ. ತಂತಿಯ ಕೊನೆಗೆ 12 ವೋಲ್ಟ್, 55 ವಾಟಿನ ಕಾರಿನ ಹೆಡ್‌ಲೈಟ್ ಬಲ್ಬು ಜೋಡಿಸಿದರೆ ಸುಮಾರು 4.5 ಆಂಪಿಯರ್ ಹರಿಯುತ್ತದೆ. ಆಗ ತಂತಿಯ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಇಳಿಯುತ್ತದೆಂದು ಅಳೆಯಬೇಕು. ಪಿಟೋ ಹೀಟರಿಗೆ (ವೇಗ ಅಳೆಯುವ ಕೊಳವೆಯಲ್ಲಿ ಮಂಜು ಕಟ್ಟದಂತೆ ಕಾಯಿಸುವ ಹೀಟರ್) ಹೋಗುವ ನಾಲ್ಕು ಮೀಟರ್ ಉದ್ದದ 14 ಗೇಜ್ ತಂತಿಯಲ್ಲಿ ಸುಮಾರು 0.15 ವೋಲ್ಟ್ ಇಳಿಯಬೇಕಿತ್ತು, ಮೀಟರ್ 0.9 ತೋರಿಸಿತು. ಬಜರಿನಲ್ಲಿ ಇದೇ ತಂತಿ ಪಾಸಾಗಿತ್ತು. ಟರ್ಮಿನಲ್ ಸೀಳಿ ನೋಡಿದರೆ ಕ್ರಿಂಪ್, ಅಂದರೆ ಟರ್ಮಿನಲನ್ನು ತಂತಿಗೆ ಒತ್ತಿ ಹಿಡಿಸುವ ಭಾಗ, ಬಹುಪಾಲು ತಂತಿಯ ಇನ್ಸುಲೇಶನ್ (ಹೊರಹೊದಿಕೆ) ಮೇಲೆಯೇ ಬಿದ್ದಿತ್ತು. ಎರಡು ಮೂರು ತಾಮ್ರದ ಎಳೆಗಳಷ್ಟೇ ಲೋಹಕ್ಕೆ ತಾಗಿದ್ದವು. ಹೀಟರ್ 10 ಆಂಪಿಯರ್ ಎಳೆದಾಗ ಆ ಒಂದು ಜೋಡಣೆಯಲ್ಲೇ ಸುಮಾರು 17 ವಾಟ್ ಶಾಖ ಹುಟ್ಟುತ್ತಿತ್ತು, ಅದೂ ಕಣ್ಣಿಗೆ ಬೀಳದ ಜಾಗದಲ್ಲಿ, ತಂತಿಗಳ ಕಟ್ಟಿನ ನಡುವೆ.

ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಬೇರೆಯೇ ದೋಷ ಹಿಡಿಯುತ್ತದೆ. 500 ವೋಲ್ಟ್ ಕೊಡುವುದರಿಂದ ಎಲ್ಲ ಉಪಕರಣಗಳನ್ನೂ ಮೊದಲು ಬಿಚ್ಚಿಡಬೇಕು, ಇಲ್ಲವಾದರೆ ಅವು ಸುಟ್ಟುಹೋಗಬಹುದು. ಇದಕ್ಕೂ ಮಿತಿಯಿದೆ: ತರಚಿದ ತಂತಿ ಲೋಹದಿಂದ ಕೂದಲೆಳೆಯಷ್ಟು ದೂರವಿದ್ದರೂ ಮೀಟರ್ ಸುಮ್ಮನಿರುತ್ತದೆ. ನನ್ನ ಸಹಾಯಕ ತಂತಿಗಳ ಕಟ್ಟನ್ನು ಅಲುಗಾಡಿಸುತ್ತಿದ್ದಾಗ, ಅದು ಬಲ್ಕ್‌ಹೆಡ್ (ವಿಮಾನದೊಳಗಿನ ಲೋಹದ ಅಡ್ಡಗೋಡೆ) ದಾಟುವ ಕಡೆ ಮೆಗ್ಗರಿನ ಮುಳ್ಳು ಸೊನ್ನೆಯತ್ತ ಕುಸಿಯಿತು, ಅಂದರೆ ತಂತಿ ಲೋಹಕ್ಕೆ ತಾಗಿತ್ತು. ಆ ತೂತಿಗೆ ತಂತಿ ತರಚದಂತೆ ಕಾಯುವ ರಬ್ಬರ್ ಬಳೆ, ಗ್ರಾಮೆಟ್, ಹಾಕಿರಲಿಲ್ಲ. 1998ರಲ್ಲಿ 229 ಜನರನ್ನು ಬಲಿ ತೆಗೆದುಕೊಂಡ ಸ್ವಿಸ್‌ಏರ್ 111 ವಿಮಾನ ದುರಂತದ ತನಿಖೆಯಲ್ಲಿ, ವಿಮಾನ ತಯಾರಾದ ಎಷ್ಟೋ ಕಾಲದ ಮೇಲೆ ಅಳವಡಿಸಿದ ಮನರಂಜನಾ ವ್ಯವಸ್ಥೆಯ ತಂತಿಯಲ್ಲಿ ಕಿಡಿ ಹಾರಿದ ಗುರುತು ಸಿಕ್ಕಿತ್ತು. ನಂತರದ ಅಳವಡಿಕೆಯೆಂದರೆ ನಮ್ಮದೇ ಕೆಲಸ.

ಎಲ್ಲ ತಂತಿಗೂ ಮೂರೂ ಪರೀಕ್ಷೆ ಬೇಕೆಂದು ನಾನು ಹೇಳುವುದಿಲ್ಲ. ಸಿಗ್ನಲ್ ತಂತಿಗೆ ಹೆಡ್‌ಲೈಟ್ ಬಲ್ಬು ಹಚ್ಚುವುದರಲ್ಲಿ ಅರ್ಥವಿಲ್ಲ. ಬಜರ್ ಪ್ರತಿಯೊಂದಕ್ಕೂ ಇರಲಿ, ಮೆಗ್ಗರ್ ಲೋಹದ ತೂತು ದಾಟುವ ಕಟ್ಟುಗಳಿಗೆ. ಎರಡು ಆಂಪಿಯರಿಗಿಂತ ಹೆಚ್ಚು ಹೊರುವ ಯಾವ ತಂತಿಯನ್ನೂ ಮಾತ್ರ ಬಲ್ಬಿನ ಪರೀಕ್ಷೆ ಮಾಡದೆ ಬಿಡುವುದಿಲ್ಲ, ಅದಕ್ಕೆ ಇನ್ನೊಂದು ದಿನ ಹಿಡಿದರೂ ಸರಿಯೇ. ಪಿಟೋ ಹೀಟರ್ ತಂತಿಯ ಆ ಟರ್ಮಿನಲ್ ಬದಲಿಸಿದ ಮೇಲೆ ಮೀಟರ್ 0.16 ವೋಲ್ಟ್ ತೋರಿಸಿತು.