ಬಿಎಂಟಿಸಿ ವಜ್ರ: ವಾರಕ್ಕೆ ಮೂರೇ ದಿನ ಆಫೀಸಾದರೆ ಮಂತ್ಲಿ ಪಾಸ್ ಬೇಕಾ?

ಬಸ್ಸಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಬನಶಂಕರಿಯಿಂದ ಐಟಿಪಿಎಲ್ (ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕ್) ಕಡೆ ಹೋಗುವ ವಜ್ರ, ಅಂದರೆ ಬಿಎಂಟಿಸಿಯ ಎಸಿ ಬಸ್ಸು, ನನಗೆ ತುಂಬಾ ಇಷ್ಟ. ಸಿಲ್ಕ್ ಬೋರ್ಡ್‌ನಲ್ಲಿ ಎಷ್ಟು ಹೊತ್ತು ಸಿಕ್ಕಿಕೊಂಡರೂ ಒಳಗೆ ತಣ್ಣಗಿರುತ್ತದೆ. ಸೀಟು ಸಿಕ್ಕರೆ ಬೆಳ್ಳಂದೂರು ಬರುವಷ್ಟರಲ್ಲಿ ಮೇಲ್ ಎಲ್ಲ ನೋಡಿ ಮುಗಿದಿರುತ್ತದೆ. ತಕರಾರು ಇರುವುದು ಪಾಸಿನ ಲೆಕ್ಕದಲ್ಲಿ.

ಕೋವಿಡ್‌ಗೆ ಮುಂಚೆ ಯೋಚನೆಯೇ ಇರಲಿಲ್ಲ. ಒಂದನೇ ತಾರೀಕು ಮಂತ್ಲಿ ಪಾಸ್ ತಗೊಂಡರೆ ಆಯಿತು. ಈಗ ನಮ್ಮ ಟೀಮು ಮಂಗಳವಾರ, ಬುಧವಾರ, ಗುರುವಾರ ಮಾತ್ರ ಆಫೀಸಿಗೆ. (ಹೊರವರ್ತುಲ ರಸ್ತೆಯ ಅರ್ಧ ಕಂಪನಿಗಳಿಗೂ ಇದೇ ಮೂರು ದಿನ ಇರಬೇಕು, ಬುಧವಾರದ ರಶ್ ನೋಡಿದರೆ!) 2025ರ ಜನವರಿಯಲ್ಲಿ ದರ ಏರಿದ ಮೇಲೆ ವಜ್ರದ ಮಂತ್ಲಿ ಪಾಸ್ 2,000 ರೂಪಾಯಿ, ಡೈಲಿ ಪಾಸ್ 140. ತಿಂಗಳಲ್ಲಿ 15 ದಿನ ಬಸ್ ಹತ್ತಿದರೆ ಮಾತ್ರ ಮಂತ್ಲಿ ಪಾಸ್ ಗಿಟ್ಟುತ್ತದೆ. ವಾರಕ್ಕೆ ಮೂರು ದಿನ ಅಂದರೆ ಹನ್ನೆರಡೋ ಹದಿಮೂರೋ. ನಡುವೆ ಒಂದು ಹಬ್ಬ ಬಂದರೆ ಅಷ್ಟೂ ಇಲ್ಲ. ಸಾದಾ ಬಸ್ಸಿನಲ್ಲೂ ಇದೇ ಕಥೆ: ಮಂತ್ಲಿ 1,200, ಡೈಲಿ 80.

ಹೆಂಗಸರ ಲೆಕ್ಕ ಇನ್ನೂ ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾದಾ ಬಸ್ಸು ನಮಗೆ ಫ್ರೀ. ವಜ್ರಕ್ಕೆ ಅದಿಲ್ಲ. ಹಾಗಾಗಿ ಬೆಳಿಗ್ಗೆ ಇಸ್ತ್ರಿ ಕೆಡಬಾರದು ಅಂತ ವಜ್ರದಲ್ಲಿ ಟಿಕೆಟ್ ತಗೊಂಡು ಹೋಗುತ್ತೇನೆ. ಸಂಜೆ ಯಾವುದು ಮೊದಲು ಬಂತೋ ಅದು. ಸಾದಾ ಬಸ್ಸಾದರೆ ಆಧಾರ್ ತೋರಿಸಿ ಪಿಂಕ್ ಟಿಕೆಟ್ (ಹೆಂಗಸರ ಫ್ರೀ ಟಿಕೆಟ್) ಇಸ್ಕೊಂಡರಾಯಿತು. ಡೈಲಿ ಪಾಸ್ ತೆಗೆದಿದ್ದರೆ ಆ ಸಂಜೆಯ ದುಡ್ಡು ಸುಮ್ನೆ ದಂಡ ಅಲ್ವಾ? ಆಫೀಸ್ ಮುಗಿಸಿ ಮೆಜೆಸ್ಟಿಕ್, ಮಲ್ಲೇಶ್ವರ ಅಂತ ಸುತ್ತುವುದಿದ್ದರೆ ಮಾತ್ರ ನಾನು ಡೈಲಿ ಪಾಸ್ ಕೇಳುವುದು.

ಇಂಗ್ಲೆಂಡಿನ ರೈಲುಗಳಲ್ಲಿ 2021ರಿಂದ ಫ್ಲೆಕ್ಸಿ ಸೀಸನ್ ಟಿಕೆಟ್ ಇದೆ. 28 ದಿನಗಳಲ್ಲಿ ಯಾವ 8 ದಿನ ಬೇಕಾದರೂ ಓಡಾಡಬಹುದು. ನಮ್ಮಲ್ಲೂ 12 ದಿನದ ವಜ್ರ ಪಾಸ್ 1,500ಕ್ಕೆ ಕೊಟ್ಟರೆ ನಾನು ನಾಳೆಯೇ ತಗೊಳ್ಳುತ್ತೇನೆ.

ಬಸ್ಸಿಗೆ ನಾಲ್ಕು ಸ್ಟಾರ್. ಮಂತ್ಲಿ ಪಾಸಿಗೆ ಎರಡು. ವಾರಕ್ಕೆ ಐದು ದಿನ ಹೋಗುವವರು ಅದನ್ನೂ ನಾಲ್ಕು ಅಂತಲೇ ಓದಿಕೊಳ್ಳಿ.