ಫ್ರೇಮ್ ಬಿಚ್ಚಿ ನೋಡದೆ ಹಳೇ ಹಾಲಿವುಡ್ ಕಾರ್ಡ್ ಕೊಳ್ಳಬೇಡಿ, ದಮ್ಮಯ್ಯ

ಮೊದಲೇ ಹೇಳಿಬಿಡುತ್ತೇನೆ. 4,455 ಡಾಲರ್ ಕೊಟ್ಟು ಐನೂರು ಡಾಲರಿನ ಲಾಬಿ ಕಾರ್ಡ್, ಅಂದರೆ ಹಿಂದೆ ಥಿಯೇಟರಿನಲ್ಲಿ ಸಿನಿಮಾದ ಜಾಹೀರಾತಿಗೆ ಹಾಕುತ್ತಿದ್ದ ಚಿತ್ರದ ಕಾರ್ಡು, ಮನೆಗೆ ತಂದಿದ್ದೇನೆ. ಬರೆಯೋಕೆ ನಾಚಿಕೆ ಆಗುತ್ತಿದೆ. ಸುಮ್ನೆ ಇದ್ದುಬಿಡೋಣ ಅಂತಲೇ ಇದ್ದೆ. ಆದರೆ ಹೋದ ವಾರ ಅದೇ ಹರಾಜಿನವರ ಹೊಸ ಕ್ಯಾಟಲಾಗ್ ಬಂತು. ಅದೇ ಕಪ್ಪು ಫ್ರೇಮು. ಒಳಗೆ ಕಾರ್ಡಿನ ಸುತ್ತ ಅದೇ ಕೆನೆ ಬಣ್ಣದ ರಟ್ಟು. ಅದೇ ವರ್ಣನೆ. ಸಿನಿಮಾ ಮಾತ್ರ ಬೇರೆ. ಇಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಈ ಹುಚ್ಚು ಇರುವ ನಮ್ಮ ಕನ್ನಡದವರು ನನಗೆ ಗೊತ್ತಿರುವವರೇ ಏಳೆಂಟು ಜನ ಇದ್ದಾರೆ. ಅವರಲ್ಲಿ ಒಬ್ಬರಾದರೂ ಬೀಳುತ್ತಾರೆ ಅಂತ ಭಯ ಆಯಿತು.

ಹರಾಜಿನವರ ಹೆಸರು ಬರೆಯುವುದಿಲ್ಲ. ಕೋರ್ಟಿನಲ್ಲಿದೆ ವಿಷಯ. ಹೆಸರು ಕೇಳಬೇಡಿ. ಅವರು ಮಾಡುವ ರೀತಿ ಹೇಳುತ್ತೇನೆ, ಅಷ್ಟು ಸಾಕು.

ನಮ್ಮ ಅಪ್ಪನಿಗೆ ಬರುವ ವರ್ಷ ಎಂಬತ್ತು. ಸಹಸ್ರ ಚಂದ್ರ ದರ್ಶನ ಮಾಡಬೇಕು ಅಂತ ಅಕ್ಕ ಈಗಲೇ ಛತ್ರ ನೋಡುತ್ತಿದ್ದಾಳೆ. ಅಪ್ಪ ಕಾಲೇಜು ದಿನಗಳಲ್ಲಿ ಎಂ.ಜಿ. ರೋಡಿನ ಪ್ಲಾಜಾ, ಬ್ರಿಗೇಡ್ ರೋಡಿನ ರೆಕ್ಸ್ ಬಿಟ್ಟರೆ ಇನ್ನೆಲ್ಲೂ ಸಿಗುತ್ತಿರಲಿಲ್ಲವಂತೆ. 'ಕ್ಯಾಸಬ್ಲಾಂಕಾ' ಅವರು ಮೂರು ಸಲ ನೋಡಿದ್ದಾರೆ. ಮೊದಲ ಸಲ ಇಂಗ್ಲಿಷ್ ಅರ್ಧ ತಿಳಿಯಲಿಲ್ಲ, ಆದರೂ ಅದರ ಹೀರೋ ಹಂಫ್ರಿ ಬೊಗಾರ್ಟ್ ನಿಂತ ಹಾಗೆ ಕನ್ನಡಿ ಮುಂದೆ ನಿಂತು ನೋಡಿಕೊಂಡೆ ಅಂತ ಈಗಲೂ ಹೇಳುತ್ತಾರೆ. ಅವರಿಗೆ ಆ ಸಿನಿಮಾದ ಒಂದು ಲಾಬಿ ಕಾರ್ಡ್ ಕೊಡಬೇಕು ಅಂತ ನನಗೆ ಆಸೆ. ಥಿಯೇಟರಿನ ಗಾಜಿನ ಪೆಟ್ಟಿಗೆಯಲ್ಲಿ ಹಾಕುತ್ತಿದ್ದರಲ್ಲ, ಅದೇ. ಅಮೆರಿಕದ್ದು 11 ಇಂಚಿಗೆ 14 ಇಂಚು, ಸಾಮಾನ್ಯವಾಗಿ ಎಂಟರ ಸೆಟ್. ಪೂರ್ತಿ ಪೋಸ್ಟರ್ ನಮ್ಮಂಥವರ ಕೈಗೆ ಸಿಗುವ ಮಾತಲ್ಲ. ಈ ಸಿನಿಮಾದ ಇಟಲಿಯ ಪೋಸ್ಟರ್ ಒಂದು 2017ರಲ್ಲಿ 4,78,000 ಡಾಲರಿಗೆ ಹೋಗಿದೆ. ಕಾರ್ಡ್ ಆದರೆ ಹೇಗೋ ಸಾಲ ಸೋಲ ಮಾಡಿ ತರಬಹುದು.

ಇನ್ನೊಂದು ನಿಜ ಹೇಳಬೇಕು. ಅಪ್ಪನ ನೆಪ ಅರ್ಧ. ಉಳಿದರ್ಧ ನನ್ನದೇ ತೆವಲು. 2024ರ ಡಿಸೆಂಬರಿನಲ್ಲಿ 'ದಿ ವಿಜರ್ಡ್ ಆಫ್ ಓಜ್' ಸಿನಿಮಾದ ಕೆಂಪು ಚಪ್ಪಲಿ ಹರಾಜಾಯಿತಲ್ಲ, ಅದನ್ನು ರಾತ್ರಿ ಕೂತು ನೋಡಿದೆ. 1970ರಲ್ಲಿ ಎಂಜಿಎಂ ಸ್ಟುಡಿಯೋ ತನ್ನ ಗೋಡೌನ್ ಖಾಲಿ ಮಾಡಿದಾಗ ಅಂಥದ್ದೇ ಒಂದು ಜೊತೆ 15,000 ಡಾಲರಿಗೆ ಹೋಗಿತ್ತು. ಈಗ ಮಾರಿದ ಜೊತೆ 2005ರಲ್ಲಿ ಮಿನೆಸೋಟಾದಲ್ಲಿ ಆ ಸಿನಿಮಾದ ನಾಯಕಿಯ ಹೆಸರಿನ ಜೂಡಿ ಗಾರ್ಲ್ಯಾಂಡ್ ಮ್ಯೂಸಿಯಂನಿಂದ ಕಳುವಾಗಿ, 2018ರಲ್ಲಿ ಎಫ್‌ಬಿಐ ಕೈಗೆ ಸಿಕ್ಕಿದ್ದು. ಕದ್ದವನು ಆ ಕೆಂಪು ಹೊಳಪು ನಿಜವಾದ ಮಾಣಿಕ್ಯ ಅಂದುಕೊಂಡಿದ್ದನಂತೆ. ಗಾಜು ಅಂತ ಗೊತ್ತಾದ ಮೇಲೆ ತಲೆ ಮೇಲೆ ಕೈ ಹೊತ್ತನಂತೆ. ಆಗ ನಾನು ಬಿದ್ದು ಬಿದ್ದು ನಕ್ಕಿದ್ದೆ.

ಆ ಚಪ್ಪಲಿಗೆ ಸುತ್ತಿಗೆ ಬಿದ್ದದ್ದು 2 ಕೋಟಿ 80 ಲಕ್ಷ ಡಾಲರಿಗೆ. ಕೊಂಡವರು ಕೊಟ್ಟದ್ದು 3 ಕೋಟಿ 25 ಲಕ್ಷ. ನಡುವೆ ಇರುವ 45 ಲಕ್ಷ ಹರಾಜಿನವರ ಪ್ರೀಮಿಯಂ, ಅಂದರೆ ಕೂಗಿದ ಬೆಲೆಯ ಮೇಲೆ ಕೊಂಡವರಿಂದ ಅವರು ತೆಗೆದುಕೊಳ್ಳುವ ಪಾಲು. ಅದನ್ನು ಕಣ್ಣಾರೆ ನೋಡಿದ್ದ ನಾನು ನನ್ನ ಸರದಿ ಬಂದಾಗ ಆ ಲೆಕ್ಕ ಮರೆತೆ.

ಮಾರ್ಚಿನಲ್ಲಿ ಇವರ ಕ್ಯಾಟಲಾಗಿನಲ್ಲಿ ಕಾರ್ಡ್ ಬಂತು. 'ಕ್ಯಾಸಬ್ಲಾಂಕಾ (1942). ಒರಿಜಿನಲ್ ವಿಂಟೇಜ್ ಲಾಬಿ ಕಾರ್ಡ್. ಥಿಯೇಟರಿನಲ್ಲಿ ಬಳಸಿದ್ದು. ಮ್ಯೂಸಿಯಂ ಗುಣಮಟ್ಟದ ಫ್ರೇಮ್. ಸರ್ಟಿಫಿಕೇಟ್ ಸಹಿತ.' ಬೊಗಾರ್ಟ್, ನಾಯಕಿ ಇಂಗ್ರಿಡ್ ಬರ್ಗ್‌ಮನ್ ಇಬ್ಬರೂ ಇರುವ ಕಾರ್ಡು. ಇಬ್ಬರೂ ಇದ್ದರೆ ಬೆಲೆ ಜಾಸ್ತಿ, ಗೊತ್ತಲ್ವಾ. ನಾನು ಹುಷಾರು ಅಂತ ತಿಳಿದುಕೊಂಡು ಮೊದಲು ಮೇಲ್ ಹಾಕಿದೆ. ಇದು ಒರಿಜಿನಲ್ಲಾ ಅಂತ ಕೇಳಿದೆ. ಉತ್ತರ ಹತ್ತು ನಿಮಿಷದಲ್ಲಿ ಬಂತು. ನೂರಕ್ಕೆ ನೂರು ಒರಿಜಿನಲ್, ನಾವು ರೀಪ್ರಿಂಟ್ ಮಾರುವುದೇ ಇಲ್ಲ, ಅಂತ. ಹಿಂಭಾಗದ ಫೋಟೋ ಕಳಿಸಿ ಅಂದೆ. ಫ್ರೇಮ್ ಬಿಚ್ಚಿದರೆ ಕಾರ್ಡಿಗೆ ಪೆಟ್ಟಾಗುತ್ತದೆ, ಇಷ್ಟು ಹಳೆಯ ಕಾಗದದ ಜೊತೆ ಆಟ ಆಡೋಕೆ ಆಗಲ್ಲ, ಅಂದರು. ಎಷ್ಟು ಜವಾಬ್ದಾರಿ ಇರುವವರು ಅಂತ ನನಗೆ ಗೌರವ ಬೇರೆ ಬಂತು!

ನಾನು ಕೇಳಿದ್ದು ಒರಿಜಿನಲ್ಲಾ ಅಂತ. ಅವರು ಹೇಳಿದ್ದು ಹೌದು ಅಂತ. ಈ ಎರಡು ಸಾಲು ನೆನಪಿಡಿ.

ಹರಾಜಿನ ದಿನ 1,200ಕ್ಕೆ ಶುರುವಾಯಿತು. ಎರಡು ಸಾವಿರದ ಹೊತ್ತಿಗೆ ನಾನು, ಇನ್ನೊಬ್ಬರು, ಇಬ್ಬರೇ ಉಳಿದೆವು. ಎರಡೂವರೆ ಸಾವಿರ ನನ್ನ ಮಿತಿ ಅಂತ ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿಕೊಂಡಿದ್ದೆ. ಹೆಂಡತಿ ಬರೆಸಿದ್ದು. ಆ ಇನ್ನೊಬ್ಬರು ಬಿಡಲಿಲ್ಲ, ನಾನೂ ಬಿಡಲಿಲ್ಲ. 3,200ಕ್ಕೆ ನನ್ನದಾಯಿತು. ಆಮೇಲೆ ಬಿಲ್ ಬಂತು. ಪ್ರೀಮಿಯಂ ನೂರಕ್ಕೆ 25, ಅಂದರೆ 800. ಒಟ್ಟು 4,000ದ ಮೇಲೆ ಸೇಲ್ಸ್ ಟ್ಯಾಕ್ಸ್ 310. ಪ್ಯಾಕಿಂಗ್, ಕಳಿಸುವ ಖರ್ಚು 145. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ಇನ್ನೂ ನೂರಕ್ಕೆ 3 ಸೇರಿಸುತ್ತೇವೆ, ಬ್ಯಾಂಕಿನಿಂದ ವೈರ್ ಮಾಡಿದರೆ, ಅಂದರೆ ಖಾತೆಗೆ ನೇರ ಕಳಿಸಿದರೆ, ಇಲ್ಲ, ಅಂದರು. 134 ಡಾಲರ್ ಯಾಕೆ ದಂಡ ಅಂತ ವೈರ್ ಮಾಡಿದೆ. ಕ್ರೆಡಿಟ್ ಕಾರ್ಡ್ ಆಗಿದ್ದರೆ ಕಂಪನಿಗೆ ಹೇಳಿ ತಕರಾರು ಎತ್ತಬಹುದಿತ್ತು. ವೈರ್ ಮಾಡಿದ ದುಡ್ಡು ಹೋಯಿತು ಅಂದರೆ ಹೋಯಿತು. 134 ಡಾಲರ್ ಉಳಿಸಿದ ಜಾಣ ನಾನು.

ಪಾರ್ಸಲ್ ಬಂತು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ನೋಡಿ ಕಣ್ಣು ತುಂಬಿತು. ಫ್ರೇಮಿನ ಹಿಂದೆ ಬೆಳ್ಳಿ ಬಣ್ಣದ ಸ್ಟಿಕ್ಕರ್. 'ಈ ಸೀಲ್ ಒಡೆದರೆ ಸರ್ಟಿಫಿಕೇಟ್ ರದ್ದು, ವಾಪಸ್ ಇಲ್ಲ.' ಸರ್ಟಿಫಿಕೇಟಿನ ಮೇಲೆ ಸಹಿ ಯಾರದ್ದು? ಅವರದ್ದೇ. ಮಾರುವವನೇ ಬರೆದುಕೊಟ್ಟ ಸರ್ಟಿಫಿಕೇಟು. ಇದು ನನಗೆ ಆಗ ವಿಚಿತ್ರ ಅನಿಸಲೇ ಇಲ್ಲ, ನೋಡಿ.

ತಡೆಯೋಕಾಗದೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿಬಿಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು, "ಚೆನ್ನಾಗಿದೆ ಕಣೋ. ಆದ್ರೆ ಇದಕ್ಕೆ ಸುತ್ತ ಬಿಳಿ ಅಂಚು ಇರ್ತಿತ್ತಲ್ಲ? ಕೆಳಗೆ ಸಣ್ಣಕ್ಷರದಲ್ಲಿ ಏನೇನೋ ಪ್ರಿಂಟ್ ಮಾಡಿರ್ತಿದ್ರು. ಇದಕ್ಕೆ ಅಂಚೇ ಇಲ್ವಲ್ಲ. ಕತ್ತರಿಸಿದಾರಾ?"

ಅರವತ್ತು ವರ್ಷದ ಹಿಂದೆ ಪ್ಲಾಜಾದ ಗಾಜಿನ ಮುಂದೆ ನಿಂತು ನೋಡಿದ್ದು ಅವರಿಗೆ ನೆನಪಿದೆ. ಕಣ್ಣ ಮುಂದೆ ಫ್ರೇಮ್ ಹಿಡಿದು ನಿಂತ ನನಗೆ ಹೊಳೆಯಲಿಲ್ಲ. ಅಂಚು ಕತ್ತರಿಸಿರಲಿಲ್ಲ. ಒಳಗಿನ ಆ ಕೆನೆ ಬಣ್ಣದ ರಟ್ಟು ಅಂಚನ್ನು ಪೂರ್ತಿ ಮುಚ್ಚಿತ್ತು. ನಾಲ್ಕೂ ಕಡೆ. ಅಳತೆ ಮಾಡಿ ಕತ್ತರಿಸಿದ ಹಾಗೆ, ಒಂದು ಎಳೆ ಬಿಳಿ ಕೂಡ ಕಾಣದ ಹಾಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹನ್ನೆರಡೂವರೆಗೆ ಎದ್ದು ಅಡುಗೆಮನೆಯ ಚಾಕು ತಂದು ಸೀಲ್ ಕೊಯ್ದೆ. ಕೈ ನಡುಗುತ್ತಿತ್ತು. ಹಿಂದಿನ ಹಲಗೆ ತೆಗೆದೆ, ರಟ್ಟು ಎತ್ತಿದೆ. ಬಲಗಡೆ ಕೆಳಗೆ, ಬಿಳಿ ಅಂಚಿನ ಮೇಲೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಆರ್ 49. ಅದರ ಮುಂದೆ ಗೀಟು, ಇನ್ನೊಂದು ನಂಬರು.

ಈ ಹುಚ್ಚು ಇರುವವರಿಗೆ ಅರ್ಥ ಆಗಿರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಗೆಲ್ಲ ಅಮೆರಿಕದ ಥಿಯೇಟರುಗಳಿಗೆ ಪೋಸ್ಟರು, ಕಾರ್ಡು ಹಂಚುತ್ತಿದ್ದದ್ದು ಬಹುಪಾಲು ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಅನ್ನುವ ಕಂಪನಿ. ಅವರು ತಮ್ಮ ಅನುಕೂಲಕ್ಕೆ ಅಂಚಿನ ಮೇಲೆ ನಂಬರು ಹಾಕುತ್ತಿದ್ದರು. ಮೊದಲು ವರ್ಷ, ಗೀಟಿನ ಆಚೆ ಸಿನಿಮಾದ ನಂಬರು. ಹಳೇ ಸಿನಿಮಾ ಮತ್ತೆ ಬಿಡುಗಡೆ ಆದಾಗ ವರ್ಷದ ಅಂಕಿಗೆ ಮೊದಲು ಇಂಗ್ಲಿಷಿನ ಆರ್ ಅಕ್ಷರ. ರೀರಿಲೀಸ್ ಅಂತ. ಮನೆಯಲ್ಲಿ ಟಿವಿ ಇಲ್ಲದ ಕಾಲ, ಓಡಿದ ಸಿನಿಮಾಗಳನ್ನು ಸ್ಟುಡಿಯೋದವರು ಮತ್ತೆ ಮತ್ತೆ ಥಿಯೇಟರಿಗೆ ಬಿಡುತ್ತಿದ್ದರು. 'ಕ್ಯಾಸಬ್ಲಾಂಕಾ' 1949ರಲ್ಲಿ ಮತ್ತೆ ಬಂತು. ಆಗ ಹೊಸದಾಗಿ ಅಚ್ಚು ಹಾಕಿದ ಕಾರ್ಡು ನನ್ನದು. ನಕಲಿ ಅಲ್ಲ! ಅದೇ ಸಂಕಟ. ನಕಲಿ ಆಗಿದ್ದರೆ ಪೊಲೀಸರ ಹತ್ತಿರ ಹೋಗಬಹುದಿತ್ತು. 2009ರಲ್ಲಿ ಯೂನಿವರ್ಸಲ್ ಸ್ಟುಡಿಯೋದ ಹಳೇ ಹಾರರ್ ಸಿನಿಮಾಗಳ ನಕಲಿ ಕಾರ್ಡುಗಳ ಹಗರಣ ಹೊರಬಿದ್ದಾಗ ಹಾಗೇ ಕೇಸ್ ಆಯಿತು. ನನ್ನದು ಅಸಲಿ ಕಾಗದ, ಅಸಲಿ ಅಚ್ಚು, ಅಸಲಿ ಥಿಯೇಟರ್ ಕಾರ್ಡು. ವರ್ಷ ಮಾತ್ರ ಬೇರೆ. ಬೆಲೆ ಇರುವುದೇ ಮೊದಲ ಬಿಡುಗಡೆಯ ವರ್ಷದ ಕಾರ್ಡಿಗೆ.

ಬೆಳಗ್ಗೆ ಮೇಲ್ ಹಾಕಿದೆ. ಅವರ ಉತ್ತರಗಳನ್ನು ಕನ್ನಡದಲ್ಲಿ ಇಳಿಸುತ್ತೇನೆ. ಒಂದೊಂದೂ ಬಾಯಿಪಾಠ ಆಗಿದೆ ನನಗೆ.

ಮೊದಲನೆಯದು: 'ನಿಮ್ಮ ಖರೀದಿಗೆ ಅಭಿನಂದನೆಗಳು. ನಿಮ್ಮ ಸಂತೋಷವೇ ನಮ್ಮ ಗುರಿ.' ಓದಿಯೇ ಇಲ್ಲ ಪುಣ್ಯಾತ್ಮರು.

ಎರಡನೆಯದು: 'ಆವರಣದಲ್ಲಿರುವ 1942 ಸಿನಿಮಾದ ವರ್ಷ. ಕಾರ್ಡಿನ ವರ್ಷ ಅಂತ ನಾವು ಎಲ್ಲೂ ಹೇಳಿಲ್ಲ. ನಿಯಮಗಳಲ್ಲಿ ಇದೆ, ನೋಡಿ.' ನೋಡಿದೆ. ಇದೆ. ಸಣ್ಣಕ್ಷರದ ಹನ್ನೊಂದು ಪುಟದ ನಿಯಮದಲ್ಲಿ ಒಂಬತ್ತನೇ ಪುಟದಲ್ಲಿ ಇದೆ.

ನಾನು ಬರೆದೆ: ಒರಿಜಿನಲ್ಲಾ ಅಂತ ಕೇಳಿದ್ದೆನಲ್ಲ, ಹೌದು ಅಂದಿರಲ್ಲ? ಮೂರನೆಯದು ಬಂತು: 'ಹೌದು. ಇದು ಒರಿಜಿನಲ್. 1949ರ ಒರಿಜಿನಲ್.' ಇದನ್ನು ಓದಿದಾಗ ಆಫೀಸಿನಲ್ಲಿದ್ದೆ. ಮೀಟಿಂಗ್ ನಡೆಯುತ್ತಿತ್ತು. ಮುಖ ಕೆಂಪಾಗಿ ಎದ್ದು ಹೊರಗೆ ಹೋದೆ. 1949ರ ಒರಿಜಿನಲ್ಲಂತೆ! ಹಾಗೆ ನೋಡಿದರೆ ನಾಳೆ ಬೆಳಗ್ಗೆ ಅಚ್ಚು ಹಾಕಿದ್ದೂ ನಾಳೆಯ ಒರಿಜಿನಲ್ಲೇ.

ನಾಲ್ಕನೆಯದು: 'ನೀವು ಸೀಲ್ ಒಡೆದಿದ್ದೀರಿ. ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.' ನೋಡಿ ಆಟ ಹೇಗಿದೆ. ಸೀಲ್ ಒಡೆಯದೆ ಅಂಚು ಕಾಣುವುದಿಲ್ಲ. ಅಂಚು ಕಾಣದೆ ವರ್ಷ ಗೊತ್ತಾಗುವುದಿಲ್ಲ. ಸೀಲ್ ಒಡೆದರೆ ವಾಪಸ್ ಇಲ್ಲ. ಆ ಫ್ರೇಮು ಕಾರ್ಡನ್ನು ಕಾಪಾಡೋಕೆ ಹಾಕಿದ್ದಲ್ಲ, ಅವರನ್ನು ಕಾಪಾಡೋಕೆ ಹಾಕಿದ್ದು.

ಐದನೆಯದು ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು: 'ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಬೇಕಿದ್ದರೆ ಇದನ್ನು ನಮ್ಮ ಮುಂದಿನ ಹರಾಜಿನಲ್ಲಿ ಇಡಿ. ಮಾರುವವರ ಕಮಿಷನ್ ನಿಮಗೆ ಬಿಡುತ್ತೇವೆ. ಹೊಸ ಫ್ರೇಮ್ ನಮ್ಮದೇ ಖರ್ಚು.' ವರ್ಣನೆಯಲ್ಲಿ 1949 ಅಂತ ಬರೆಯುತ್ತೀರಾ ಅಂತ ಕೇಳಿದೆ. ಅದನ್ನು ಕ್ಯಾಟಲಾಗ್ ವಿಭಾಗ ನಿರ್ಧರಿಸುತ್ತದೆ ಅಂದರು. ಅಂದರೆ ನನಗೆ ಹಾಕಿದ ಟೋಪಿಯನ್ನು ನಾನು ಇನ್ನೊಬ್ಬರ ತಲೆಗೆ ಹಾಕಬೇಕು, ಪ್ರೀಮಿಯಂ ಮತ್ತೆ ಇವರಿಗೇ. ಒಂದೇ ಒಂದು ನಿಮಿಷ ಯೋಚನೆ ಮಾಡಿದೆ ಅಂತ ಒಪ್ಪಿಕೊಳ್ಳುತ್ತೇನೆ. ಒಂದೇ ನಿಮಿಷ.

ಆಮೇಲೆ ಬರ್ಬ್ಯಾಂಕಿನಲ್ಲಿ ಹಳೇ ಪೋಸ್ಟರ್ ವ್ಯಾಪಾರ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಭೂತಗನ್ನಡಿ ಕೂಡ ತೆಗೆಯಲಿಲ್ಲ. ಅಂಚು ನೋಡಿದರು, ನನ್ನನ್ನು ನೋಡಿದರು. "ಐನೂರು. ಕೊಳ್ಳುವವರಿಗೆ ಅವಸರ ಇದ್ದರೆ ಆರುನೂರು" ಅಂದರು. ಎಷ್ಟಕ್ಕೆ ತಂದಿರಿ ಅಂತ ಅವರು ಕೇಳಲಿಲ್ಲ. ಅದಕ್ಕೆ ಅವರಿಗೆ ಕೈ ಮುಗಿಯಬೇಕು.

ಕಾನೂನು ಏನಾದರೂ ಇದೆಯಾ ಅಂತ ಹುಡುಕಿದೆ. ಕ್ಯಾಲಿಫೋರ್ನಿಯಾದಲ್ಲಿ ಸಹಿ ಹಾಕಿದ ವಸ್ತುಗಳಿಗೆ 2017ರಿಂದ ಗಟ್ಟಿ ಕಾನೂನಿದೆ, ಸರ್ಟಿಫಿಕೇಟ್ ಹೇಗಿರಬೇಕು ಅಂತೆಲ್ಲ ಅದರಲ್ಲಿದೆ. ಆದರೆ ಅದು ಸಹಿಗೆ. ನನ್ನ ಕಾರ್ಡಿನ ಮೇಲೆ ಯಾರ ಸಹಿಯೂ ಇಲ್ಲ. ಹಾಗಾಗಿ ಸ್ಮಾಲ್ ಕ್ಲೈಮ್ಸ್ ಕೋರ್ಟಿಗೆ ಹಾಕಿದ್ದೇನೆ. 12,500 ಡಾಲರಿನವರೆಗೆ ವಕೀಲರಿಲ್ಲದೆ ನಾವೇ ನಿಂತು ಮಾತಾಡಬಹುದು. ಗೆಲ್ಲುತ್ತೇನಾ? ಗೊತ್ತಿಲ್ಲ. ಆ ಒಂಬತ್ತನೇ ಪುಟ ಇದೆಯಲ್ಲ.

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಒರಿಜಿನಲ್ಲಾ ಅಂತ ಕೇಳಬೇಡಿ. ಈ ಕಾಗದ ಯಾವ ವರ್ಷ ಅಚ್ಚಾಯಿತು ಅಂತ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ನಾಲ್ಕು ಅಂಚಿನ ಫೋಟೋ, ಬೆನ್ನಿನ ಫೋಟೋ ಕೊಡದಿದ್ದರೆ ಎದ್ದು ಬನ್ನಿ. ಫ್ರೇಮ್ ಹಾಕಿದ್ದು ಕೊಳ್ಳಲೇಬೇಡಿ, ಫ್ರೇಮು ಎಲ್ಲಾದರೂ ಐವತ್ತು ಡಾಲರಿಗೆ ಸಿಗುತ್ತದೆ. ವೈರ್ ಮಾಡಬೇಡಿ. ವೈರ್ ಮಾಡಲೇಬೇಡಿ. ಮತ್ತೆ ಹೆಂಡತಿ ಬರೆಸಿದ ಚೀಟಿ ಕಂಪ್ಯೂಟರಿಗೆ ಅಂಟಿಸಿದ್ದರೆ ಅದನ್ನು ಓದಿ. ನನ್ನ ಮನೆಯಲ್ಲಿ ಆ ಚೀಟಿ ಈಗ ಫ್ರಿಜ್ಜಿನ ಬಾಗಿಲಿನ ಮೇಲಿದೆ. ನಾನು ಅಂಟಿಸಿದ್ದಲ್ಲ.

ಅಪ್ಪನಿಗೆ ಕೊನೆಗೆ ಹೇಳಿದೆ, ಇದು 1949ರದ್ದು ಅಂತ. ಅಪ್ಪ ಹುಟ್ಟಿದ್ದು 46ರಲ್ಲಿ. "ಹಾಗಾದ್ರೆ ನನಗಿಂತ ಮೂರು ವರ್ಷ ಚಿಕ್ಕದು ಅನ್ನು" ಅಂತ ನಕ್ಕರು. ತಗೊಂಡು ಬಾ, ಗೋಡೆಗೆ ಮೊಳೆ ಹೊಡೆಸಿರ್ತೀನಿ ಅಂದರು. ಬೆಲೆ ಮಾತ್ರ ಹೇಳಿಲ್ಲ. ಕೇಳಿದರೆ ಇನ್ನೂರು ಡಾಲರ್ ಅನ್ನಬೇಕು ಅಂತ ಅಕ್ಕನಿಗೂ ಹೇಳಿಕೊಟ್ಟಿದ್ದೇನೆ.